ಹಿಮದಲ್ಲಿ ಹಾರಿದವಳಿಗೆ ಒಂದು ಕಾಯಿ

ರಾಯದುರ್ಗದ ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲುಗಳಿವೆ. ಕಾರ್ತೀಕದಲ್ಲಿ ಅತ್ತೆ ಅಲ್ಲೇ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಅದು ಶಿವನ ಉಪಕಾರ. ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾದರು, ಅದು ಇನ್ನೊಂದು. ಆದರೆ ಹೊಸ್ತಿಲಿಗೆ ಬಂದು ಮೆಟ್ಟಿಲು ಕಂಡರೆ ಸಾಕು, ಬಾಗಿಲ ಚೌಕಟ್ಟು ಹಿಡಿದು ಹಿಂದಕ್ಕೆ ತಿರುಗುತ್ತಿದ್ದರು. "ಹೊರಗ ನಡೀದಿದ್ರ ಕಾಲು ಹಿಡಕೊಂಡು ಬಿಡ್ತಾವ ನೋಡ್ರಿ" ಎಂದು ಡಾಕ್ಟರು ಗದರಿದ್ದರು. ಒಂದು ಸೋಮವಾರವೂ ಗುಡಿ ತಪ್ಪಿಸದ ಹೆಂಗಸು ಈಗ ಕಿಟಕಿಯಿಂದಲೇ ಕೈ ಮುಗಿಯುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮಡಕಶಿರದ ನನ್ನ ತವರಿನಿಂದ ಬಂದ ಹುಣಸೆಹಣ್ಣನ್ನು ಮುಂದಿಟ್ಟುಕೊಂಡು ಇಬ್ಬರೂ ಬೀಜ ಬಿಡಿಸುತ್ತಿದ್ದೆವು. ಟಿವಿಯಲ್ಲಿ ಪ್ರವಚನ ಮುಗಿಯಿತು. ಅಂಟುಗೈಯಲ್ಲಿ ರಿಮೋಟ್ ಒತ್ತಿದೆ, ಪರದೆ ತುಂಬ ಹಿಮ ಬಂತು. ದೇಶದೇಶದವರು ಸೇರಿ ಆಡುವ ಚಳಿಗಾಲದ ಆಟವಂತೆ. ಹುಡುಗಿಯರು ಆಳುದ್ದದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಗುಡ್ಡದೆತ್ತರದ ಜಾರುಹಾದಿಯಲ್ಲಿ ಸುಯ್ಯನೆ ಇಳಿದು, ತುದಿಯಲ್ಲಿ ಗಾಳಿಗೆ ಜಿಗಿದು, ತೇಲಿಕೊಂಡು ಹೋಗಿ ಎಷ್ಟೋ ದೂರ ಕೆಳಗೆ ನಿಲ್ಲುತ್ತಿದ್ದರು.

"ಯಾಕ ಜಿಗೀತಾರ? ಕೆಳಗ ಬರಾಕ ಮೆಟ್ಲ ಇಲ್ಲೇನು?" ಎಂದರು ಅತ್ತೆ.

"ಮೆಟ್ಲ ಇದ್ರೂ ಇಳೀಲಾರ್ದವ್ರು ಇದ್ದಾರ ಬಿಡ್ರಿ ಅತ್ತಿ."

ಒಂದು ಹುಣಸೆ ಬೀಜ ಬಂದು ನನ್ನ ಹಣೆಗೆ ಬಿತ್ತು.

ಆಮೇಲೆ ಕೆಂಪು ಹೆಲ್ಮೆಟ್ಟಿನ ಹುಡುಗಿಯೊಬ್ಬಳು ಬಂದಳು. ಚೆನ್ನಾಗಿಯೇ ತೇಲಿದಳು, ಆದರೆ ನೆಲ ಮುಟ್ಟುವಾಗ ಕಾಲು ತೊಡರಿ ಉರುಳಿಬಿದ್ದಳು. ಅತ್ತೆ "ಶಿವಶಿವಾ!" ಎಂದು ತಮ್ಮ ತೊಡೆಯನ್ನೇ ಹಿಡಿದುಕೊಂಡರು. ಪುಣ್ಯಕ್ಕೆ ಹುಡುಗಿ ಎದ್ದು ಹಿಮ ಕೊಡವಿಕೊಂಡಳು. ಸ್ವಲ್ಪ ಹೊತ್ತಿಗೆ ನೋಡಿದರೆ ಎರಡನೇ ಜಿಗಿತಕ್ಕೆ ಮತ್ತೆ ಮೇಲೆ ಕುಳಿತಿದ್ದಾಳೆ!

"ಬಿದ್ದಾಕಿ ಮತ್ತ ಜಿಗೀತಾಳ?" ಅತ್ತೆ ಹುಣಸೆಗೈಯನ್ನೇ ಜೋಡಿಸಿದರು. "ನಮ್ಮಪ್ಪಾ, ಈ ಕೂಸು ನೆಟ್ಟಗ ನಿಂತ್ರ ನಿನ್ನ ಗುಡಿಗೆ ಬಂದು ನನ್ನ ಕೈಯಾರ ಕಾಯಿ ಒಡೀತೀನಿ."

ನನ್ನ ಕೈ ಅಲ್ಲೇ ನಿಂತಿತು. ನಮ್ಮಲ್ಲಿ ಹರಕೆ ಹೊತ್ತವರೇ ಹೋಗಿ ತೀರಿಸಬೇಕು, ಬೇರೆಯವರು ಹೋದರೆ ನಡೆಯುವುದಿಲ್ಲ. ಬೀಜ ಬಿಟ್ಟು ನಾನೂ ಪಂಚಾಕ್ಷರಿ ಹಿಡಿದೆ. ಹುಡುಗಿ ಜಾರಿದಳು, ಹಾರಿದಳು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಎರಡೂ ಕೈ ಚಾಚಿ, ನಿಂತೇಬಿಟ್ಟಳು! ನಾನು ಎದ್ದು ಕುಣಿದ ರಭಸಕ್ಕೆ ಮೊರ ಮಗುಚಿತು.

ಅಷ್ಟರಲ್ಲಿ ಅಂಗಡಿಯಿಂದ ಊಟಕ್ಕೆ ಬಂದ ನಮ್ಮ ಯಜಮಾನರು ಟಿವಿ ನೋಡಿ, "ಇದು ನಿನ್ನಿ ಆಟ. ಫೋನಿನಾಗ ಆವಾಗೇ ನೋಡೀನಿ, ಈಗ ತಿರುಗಿ ಹಾಕ್ಯಾರ" ಎಂದರು.

"ಅಂದ್ರ ನಾನು ಬೇಡಿಕೊಳ್ಳೂದಕ್ಕ ಮೊದ್ಲೇ ನಿಂತಾಳ?"

"ಹೂಂನವ್ವಾ. ನಿನ್ನ ಹರಕಿ ನಡಿಯಂಗಿಲ್ಲ, ಆರಾಮ ಕುಂದ್ರು."

ಅವರ ಬಾಯಿಗೆ ಅದೇ ಹುಣಸೆಹಣ್ಣು ತುರುಕಬೇಕೆನಿಸಿತು. ಅತ್ತೆ ಹೊಸ್ತಿಲ ಕಡೆ ನೋಡಿದರು. ಚೆಲ್ಲಿದ ಹಣ್ಣು ಬಾಚುತ್ತ, ಇನ್ನು ಮುಗಿಯಿತು ಅಂದುಕೊಂಡೆ.

"ಏ ಹುಚ್ಚಪ್ಪಾ," ಎಂದರು ಅತ್ತೆ ಮಗನಿಗೆ. "ನಾನು ಇವತ್ತು ಬೇಡ್ಕೊಳ್ತೀನಂತ ಆ ಶಿವಗ ನಿನ್ನೀನೇ ಗೊತ್ತಿತ್ತು. ಮೊದ್ಲೇ ಮಾಡಿಕೊಟ್ಟು ಒಂದು ದಿನದಿಂದ ಕಾಯಿಗೆ ದಾರಿ ನೋಡಾಕತ್ಯಾನ." ನನ್ನ ಕಡೆ ತಿರುಗಿದರು. "ಏಳವ್ವಾ, ಹೊತ್ತಾತು."

"ಗುಡಿ ಬಾಗ್ಲ ತಗಿಯೂದು ಐದಕ್ಕವ್ವಾ!" ಎಂದರು ಯಜಮಾನರು.

"ನಾನು ಮೆಟ್ಲ ಇಳಿಯೂದ್ರಾಗ ಐದಾಗತೈತಿ. ನೀ ಬಡಿಸ್ಕೊಂಡು ಉಣ್ಣು."

ಮೊದಲ ಮೆಟ್ಟಿಲಿಗೆ ಅವರ ಉಗುರು ನನ್ನ ತೋಳಿಗೆ ನಾಟಿತು. ಎರಡನೆಯದರ ಮೇಲೆ ಕಣ್ಣು ಮುಚ್ಚಿ ಒಂದಷ್ಟು ಹೊತ್ತು ನಿಂತರು. ಮೂರನೆಯದನ್ನು ನಾವು ಯಾವಾಗ ಇಳಿದೆವೋ ಇಬ್ಬರಿಗೂ ತಿಳಿಯಲಿಲ್ಲ. ಬೀದಿಯ ಬಿಸಿಲಲ್ಲಿ ನಿಂತಿದ್ದೆವು. ಅತ್ತೆ ತಮ್ಮ ಪಾದ ನೋಡಿಕೊಂಡರು, ನನ್ನನ್ನು ನೋಡಿದರು, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಗ ನೆನಪಾಯಿತು, ಮನೆದೇವರ ಮುಂದಿಟ್ಟಿದ್ದ ಕಾಯಿ ಒಳಗೇ ಉಳಿದಿತ್ತು. ಯಜಮಾನರು ಬಾಗಿಲಿಗೆ ಬಂದರು, ಆದರೆ ಕೈಯೆಲ್ಲ ಅನ್ನ. ಎಂಜಲುಗೈಯಲ್ಲಿ ದೇವರ ಕಾಯಿ ಮುಟ್ಟುವಂತಿಲ್ಲ. ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆಂದು ನಾನು ನಿಂತೆ.

ಅತ್ತೆ ನನ್ನ ತೋಳಿನಿಂದ ತಾವೇ ಕೈ ತೆಗೆದರು.

"ಹೋಗಿ ತಗೊಂಬಾ. ನಾನು ನಿಂತಿರ್ತೀನಿ."