ಭೀಮಗೊಂಡ ಮಾಸ್ತರರಿಗೆ ಬಂದ ಚಳಿಜ್ವರ

ಭೀಮಗೊಂಡ ಮಾಸ್ತರರು ಬೆಳಗಾವಿಯಿಂದ ಖಾನಾಪುರದ ಕಡೆಯ ಶಾಲೆಯೊಂದಕ್ಕೆ ವರ್ಗವಾಗಿ ಬಂದದ್ದು ೧೯೨೪ರಲ್ಲಿ. ಆ ವರ್ಷ ಅವರ ತರಗತಿಯ ಅರ್ಧಕ್ಕರ್ಧ ಮಕ್ಕಳು ನಪಾಸಾದರು. ಕಾಡಿನ ಸೀಮೆಯ ಮಕ್ಕಳು ಮೈಗಳ್ಳರೆಂದು ಮಾಸ್ತರರು ತೀರ್ಮಾನಿಸಿಬಿಟ್ಟರು. ಸುಮನ್ ಎಂಬ ಹನ್ನೊಂದು ವರ್ಷದ ಹುಡುಗಿಯಂತೂ ಒಂದು ದಿನ ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸುತ್ತಿದ್ದಳು, ಮರುದಿನ ಪಾಟಿಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಸೋಗು ಹಾಕುತ್ತಾಳೆಂದು ಅವಳನ್ನು ಸಂಜೆಯವರೆಗೆ ನಿಲ್ಲಿಸಿದರು. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಮುಂದಿನ ಮಳೆಗಾಲ ಮುಗಿಯುವಾಗ ಮಾಸ್ತರರಿಗೇ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಮೈ ನಡುಗುತ್ತಿತ್ತು. ಒಮ್ಮೆ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹದಿಮೂರರ ಮಗ್ಗಿ ಐದನೆಯ ಸಾಲಿಗೇ ನಿಂತುಹೋಯಿತು. ಮುಂದಿನದು ತೋಚಲೇ ಇಲ್ಲ. ಆಗ ಅವರಿಗೆ ಸುಮನ್ ನೆನಪಾದಳು.

ಬೆಳಗಾವಿಯ ಡಾಕ್ಟರರ ಕ್ವಿನೈನ್‌ನಿಂದ ಗುಣವಾದ ಮೇಲೆ ಅವರು ನೆಟ್ಟಗೆ ಅವಳ ಮನೆಗೆ ಹೋದರು.

"ಹುಡುಗಿನ್ನ ಸಾಲಿಗಿ ಕಳಸ್ರಿ," ಎಂದರು ಅವಳ ತಾಯಿ ಕಾಶೀಬಾಯಿಗೆ. "ಆಕಿಗಿ ಜಡ್ಡಿತ್ತು, ನನಗ ತಿಳೀಲಿಲ್ಲ. ತಪ್ಪು ನಂದ ಐತಿ."

ಕಾಶೀಬಾಯಿ ಅವರಿಗೆ ಕೂರಲು ಮಣೆ ಹಾಕಿದರು. "ಸಾಲಿ ಬಿಟ್ಟಾಳಂತ ಲಗ್ನ ಮಾಡಿದ್ವಿರಿ, ಮಾಸ್ತರ್ರ. ಹ್ವಾದ ತಿಂಗಳ ಗಂಡನ ಮನಿಗಿ ಹೋದ್ಲು. ಜ್ವರ ಇನ್ನೂ ಬಿಟ್ಟಿಲ್ಲಂತ."

ಮಾಸ್ತರರು ಕಿಸೆಯಲ್ಲಿದ್ದ ಕ್ವಿನೈನ್ ಪೊಟ್ಟಣಗಳನ್ನು ಅವರ ಕೈಗಿತ್ತು, ಮಗಳಿಗೆ ಮುಟ್ಟಿಸಲು ಹೇಳಿ ಬಂದರು. ಮುಟ್ಟಿದವೋ ಇಲ್ಲವೋ ಅವರಿಗೆ ಕೊನೆಗೂ ತಿಳಿಯಲಿಲ್ಲ.

ಅಲ್ಲಿದ್ದಷ್ಟು ವರ್ಷವೂ ಅವರು ಹಾಜರಿ ಹಾಕುವ ಮುಂಚೆ ಪ್ರತಿ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದರು. ಮೈ ಬಿಸಿಯಿದ್ದವರನ್ನು ಚಾಪೆಯ ಮೇಲೆ ಮಲಗಿಸಿ, ಕ್ವಿನೈನಿನ ಕಹಿ ಪುಡಿಯನ್ನು ಬೆಲ್ಲದಲ್ಲಿಟ್ಟು ನುಂಗಿಸುತ್ತಿದ್ದರು. ಆ ಮಕ್ಕಳಿಗೆ ತಪ್ಪಿಹೋದ ಪಾಠವನ್ನು ಮರುದಿನ ಮೊದಲಿನಿಂದ ಹೇಳಿಕೊಡುತ್ತಿದ್ದರು.