ಆಟಿಯಲ್ಲಿ ಅತ್ತೆಯ ತೀರ್ಮಾನ

ನನ್ನ ಅತ್ತೆ, ಅಂದರೆ ಗಂಡನ ತಾಯಿ, ಆವತ್ತು ಬಂದದ್ದು ನನಗೆ ಜೊತೆಯಾಗಲು ಮಾತ್ರ. ಕಾವೂರಿನಲ್ಲಿ ನಮ್ಮ ಮನೆಯ ಹತ್ತಿರದ ಸಭಾಭವನದಲ್ಲಿ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆಯ ಶಿಬಿರವಿತ್ತು. ನಾನು ಮೊದಲೇ ಪುಕ್ಕಲಿ. ಬೆಳಿಗ್ಗೆಯಿಂದ ತಲೆನೋವಿನ ನೆಪ ಹೇಳುತ್ತಿದ್ದುದನ್ನು ಕೇಳಿ ಕೇಳಿ ಅವರೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತರು.

"ಬಾ, ನಾನೂ ಮಾಡಿಸ್ತೇನೆ. ನನಗೆಂತ ಆಗ್ಲಿಕ್ಕುಂಟು?"

ನನಗೆ ಏನೂ ಇರಲಿಲ್ಲ. ಅವರ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷಿಸಿ ಕ್ಯಾನ್ಸರ್ ಎಂದರು. ಆ ಸಂಜೆಯೂ ಅತ್ತೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದರು, ನಾನು ಉಣ್ಣದೆ ಕೂತದ್ದಕ್ಕೆ ಚೆನ್ನಾಗಿ ಬೈದರು. ನನಗೆ ಸಿಟ್ಟೇ ಬಂತು. ಅಳಬೇಕಾದವರು ಅಳದಿದ್ದರೆ ಉಳಿದವರು ಎಂತ ಮಾಡುವುದು?

ಡಾಕ್ಟರಮ್ಮ ಅತ್ತೆಯ ಮುಖ ನೋಡಿಯೇ ಮಾತಾಡಿದರು. "ಸಣ್ಣದಿರುವಾಗಲೇ ಸಿಕ್ಕಿದೆ. ಹಾಗಾಗಿ ನಿಮಗೆ ಎರಡು ದಾರಿ ಉಂಟು. ಆ ಬದಿಯ ಎದೆಯನ್ನೇ ತೆಗೆಯಬಹುದು. ಇಲ್ಲದಿದ್ದರೆ ಗಂಟು ಮಾತ್ರ ತೆಗೆದು, ಆಮೇಲೆ ಕೆಲವು ವಾರ ರೇಡಿಯೇಶನ್ ಕೊಡಬಹುದು. ನಿಮ್ಮ ಮಟ್ಟಿಗೆ ಎರಡೂ ಒಳ್ಳೆಯದೇ. ಯಾವುದು ಬೇಕು ನೀವೇ ಹೇಳಿ. ತಡ ಮಾತ್ರ ಮಾಡಬೇಡಿ."

ನೀವೇ ಹೇಳಿ ಎಂದದ್ದು ನಮ್ಮ ಮನೆಯವರ ತಲೆಗೆ ಹೋಗಲೇ ಇಲ್ಲ. ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಕುಟುಂಬ. ದೊಡ್ಡ ವಿಷಯ ಬಂದರೆ ಅತ್ತೆಯ ತಮ್ಮ ಬಂದು ಕೂರಬೇಕು. ಅವರು ವಾಮಂಜೂರಿನಿಂದ ಬಂದರು, ಕೂತರು, ಚಾ ಕುಡಿದರು, ತೀರ್ಪು ಕೊಟ್ಟರು.

"ಅಕ್ಕ, ಈಗ ಆಟಿ. ಆಟಿಯಲ್ಲಿ ಯಾರಾದ್ರೂ ಎಂತದಾದ್ರೂ ಶುರು ಮಾಡ್ತಾರಾ? ಸೋಣ ತಿಂಗಳು ಬರ್ಲಿ. ಆಮೇಲೆ ಪೂರ್ತಿ ತೆಗೆಸುವ. ಈ ಪ್ರಾಯದಲ್ಲಿ ಅದು ಇದ್ದು ಎಂತ ಆಗ್ಬೇಕು?"

ಮಳೆ ಸುರಿಯುವ ಆಟಿ ತಿಂಗಳಲ್ಲಿ ನಮ್ಮವರು ಮದುವೆ, ಗೃಹಪ್ರವೇಶ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಸರಿ. ಆದರೆ ಗಂಟಿಗೆ ಪಂಚಾಂಗ ಗೊತ್ತುಂಟಾ? ನನ್ನ ಗಂಡ ತಲೆಯಾಡಿಸುತ್ತಾ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈಯೆತ್ತಿ ನನ್ನನ್ನು ತಡೆದರು.

"ಅಮಾವಾಸ್ಯೆ ದಿನ ಹಾಲೆ ಮರದ ಕಷಾಯ ಕುಡಿಯುವುದು ಯಾವ ತಿಂಗಳಲ್ಲಿ ಮಾರಾಯ? ಆಟಿಯಲ್ಲೇ ಅಲ್ವಾ? ಇದು ಮದ್ದಿನ ತಿಂಗಳು. ಮತ್ತೆ ನಾನು ಎಂತದನ್ನೂ ಶುರು ಮಾಡುದಲ್ಲ, ಇದನ್ನು ಮುಗಿಸುದು."

ಆಮೇಲೆ ಮೆಲ್ಲಗೆ ಹೇಳಿದರು. "ಗಂಟು ಮಾತ್ರ ತೆಗೆಸ್ತೇನೆ. ಪ್ರಾಯ ಆಯ್ತು ಅಂತ ನನ್ನ ಮೈ ನನ್ನದಲ್ಲದೆ ಹೋಗ್ತದಾ?"

ಅವರ ತಮ್ಮ ಖಾಲಿ ಲೋಟದೊಳಗೆ ನೋಡುತ್ತಾ ಕೂತರು. ನನಗೆ ಅತ್ತೆಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ನಮ್ಮಲ್ಲಿ ಹಾಗೆಲ್ಲ ತಬ್ಬಿಕೊಳ್ಳುವ ಅಭ್ಯಾಸವಿಲ್ಲ. ಇನ್ನೊಂದು ಚಾ ತರುತ್ತೇನೆಂದು ಒಳಗೆ ಹೋದೆ.

ಆಟಿಯಲ್ಲೇ ಆಪರೇಷನ್ ಆಯಿತು. ಹೊಲಿಗೆ ಒಣಗಿದ ಮೇಲೂ ಅವರಿಗೆ ಎಡಗೈ ಎತ್ತಲು ಕಷ್ಟವಾಗುತ್ತಿತ್ತು, ಹಾಗಾಗಿ ಸ್ನಾನ ಮಾಡಿಸುವುದು ನನ್ನ ಕೆಲಸವಾಯಿತು. ಮೊದಲ ದಿನ ನಾನು ಬೆನ್ನ ಹಿಂದೆಯೇ ನಿಂತು ಬಿಸಿನೀರು ಹೊಯ್ಯುತ್ತಿದ್ದೆ. ಎದುರು ಬರಲು ಧೈರ್ಯ ಸಾಲಲಿಲ್ಲ.

"ಎಂತ ಕದ್ದು ನಿಲ್ಲುದು, ಎದುರು ಬಾ" ಎಂದರು.

ಹೋದೆ. ಎಡ ಎದೆಯ ಒಂದು ಬದಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಗೀರು, ಅಷ್ಟೇ.

"ಉಂಟಲ್ಲ?"

"ಉಂಟು ಅತ್ತೆ."

ಅಷ್ಟು ದಿನ ಅಳದಿದ್ದವರು ಆಗ ಅತ್ತರು. ನಾನು ನೀರು ಹೊಯ್ಯುತ್ತಾ ಇದ್ದೆ.