ಲಾಸುಪುವಿನ ಮಟ್ಟಸ ನೆಲ

ಪಾಲು ಎಂಬ ಊರಿನ ಕಣಿವೆಯಲ್ಲಿ ಲಾಸುಪುವಿನಷ್ಟು ಗತ್ತಿನಿಂದ ನೆಲ ತುಳಿದವನು ಇನ್ನೊಬ್ಬನಿರಲಿಲ್ಲ. ಸಾಲದ್ದಕ್ಕೆ ಕೇರಿಯ ಮುಖ್ಯಸ್ಥ ಬೇರೆ. ಗದ್ದೆಬಯಲಿನ ಅಂಚಿಗೆ ಮನೆ, ಹಿಂದೆ ತುಂಬಿ ಹರಿಯುವ ಕಾಲುವೆ, ಅಂಗಳದಲ್ಲಿ ತೆಂಗಿನ ಮರ. ತಂಗಿ ರಮ್ಲಾ ಮಾತ್ರ ಕಡಿದಾದ ಗುಡ್ಡದ ಮೇಲಿದ್ದಳು. ಹಬ್ಬಕ್ಕೆ ಹೋದಾಗಲೆಲ್ಲ ಇವನದು ಅದೇ ರಾಗ.

"ಆಡು ಮೇಯೋ ಜಾಗದಲ್ಲಿ ಮನುಷ್ಯರು ಇರ್ತಾರೇನೇ? ಒಂದಿನ ಮನೆ ಸಮೇತ ಜಾರಿ ನನ್ನ ಅಂಗಳಕ್ಕೇ ಬೀಳ್ತೀಯ."

"ಬಿದ್ರೆ ಒಂದು ತುತ್ತು ಹಾಕಣ್ಣ."

ಆ ಶುಕ್ರವಾರ ಸಂಜೆಯ ನಮಾಜಿಗೆ ಕರೆ ಕೊಡುವ ಹೊತ್ತಿಗೆ ಭೂಮಿ ಗಡಗಡ ನಡುಗಿತು. ಲಾಸುಪು ಹೊರಗೋಡಿ ಗುಡ್ಡದ ಕಡೆ ಕೈಚಾಚಿ ಬೊಬ್ಬೆ ಹೊಡೆದ: "ಅಯ್ಯೋ, ಗುಡ್ಡ ಹೊರಟಿತು! ರಮ್ಲಾ ಹೋದ್ಲು!"

"ಗುಡ್ಡ ಅಲ್ಲ, ನಾವು ಹೋಗ್ತಿರೋದು! ಮನೆ ಮಾಡು ಹತ್ತಿ!" ಎಂದು ಹೆಂಡತಿ ಸಹುನಾ ಕಿರುಚಿದಳು.

ನಿಜ. ಗುಡ್ಡ ಅಲ್ಲಾಡಲಿಲ್ಲ. ತಲೆಮಾರುಗಳಿಂದ ಕಾಲುವೆಯ ನೀರು ಕುಡಿದಿದ್ದ ಒಳಗಿನ ಮರಳು ನಡುಕಕ್ಕೆ ಬಿಗಿ ಕಳೆದುಕೊಂಡು ಅಂಬಲಿಯಾಗಿತ್ತು. ಕಣ್ಣಿಗೆ ಕಾಣದಷ್ಟೇ ಇಳಿಜಾರಿದ್ದ ಬಯಲು ಮನೆ, ಮರ, ಮಸೀದಿಗಳನ್ನು ಹೊತ್ತು ಹರಿಯತೊಡಗಿತು. ಮಾಡಿನ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ತಬ್ಬಿ ಕುಳಿತರು. ಪಕ್ಕದಲ್ಲೇ ತೆಂಗಿನ ಮರ ನಿಂತ ನಿಲುವಿನಲ್ಲೇ ಜೊತೆಗೆ ಬಂತು. ನೆರೆಯವರ ಮನೆಗಳು ಕಣ್ಣೆದುರೇ ಕೆಸರಿನಲ್ಲಿ ಮುಳುಗಿದವು. ಒಳಗಿದ್ದವರ ಕೂಗು ಸಹುನಾಳ ಕಿವಿ ಬಿಟ್ಟು ಹೋಗಲೇ ಇಲ್ಲ.

ಬೆಳಗಾದಾಗ ಅವರ ಮನೆ ತಮ್ರಿನ್ ಎಂಬವನ ಜೋಳದ ಹೊಲದಲ್ಲಿ ವಾರೆಯಾಗಿ ಕೂತಿತ್ತು.

"ಬನ್ನಿ ಮುಖ್ಯಸ್ಥರೇ," ಎಂದ ತಮ್ರಿನ್, ಕೈಹಿಡಿದು ಇಳಿಸುತ್ತ. "ಬರೋರು ಒಂದು ಮಾತು ಹೇಳಿ ಕಳಿಸೋದಲ್ವಾ? ಜೋಳ ಕೊಯ್ದಿಡ್ತಿದ್ದೆ."

ವಾರ ಕಳೆದ ಮೇಲೆ ಸರ್ಕಾರದ ಸಾಹೇಬರುಗಳು ಬಂದರು. ನೆಲ ನೋಡಿ, ಗುಡ್ಡ ನೋಡಿ, ಮತ್ತೆ ನೆಲ ನೋಡಿ, "ಇಷ್ಟು ಮಟ್ಟಸವಾಗಿದ್ದದ್ದು ಜಾರಿದ್ದು ಹೇಗೆ?" ಎಂದು ನೆಲವನ್ನೇ ತಪ್ಪಿತಸ್ಥನಂತೆ ಗದರಿ ಹೋದರು. ಅಷ್ಟರಲ್ಲಿ ತಮ್ರಿನ್‌ನ ಹೆಂಡತಿ ಮನೆಯ ಜೊತೆ ಬಂದಿದ್ದ ತೆಂಗಿನ ಮರದಿಂದ ಎಳನೀರು ಕೆಡವಿದಳು. ಲಾಸುಪು ಸಿಡಿದೆದ್ದ.

"ಮರ ನನ್ನದು! ಬೇರಿನ ಮಣ್ಣೂ ನನ್ನದೇ!"

"ಆ ಮಣ್ಣಿನ ಕೆಳಗಿರೋ ಜೋಳ ಯಾರಪ್ಪಂದು?" ಎಂದಳು ಅವಳು.

ಅವನು ತನ್ನ ಕೇರಿಯ ಗಡಿ ಇಲ್ಲಿಯವರೆಗೂ ಬಂದಿದೆ, ಆದ್ದರಿಂದ ತೀರ್ಪು ತನ್ನದೇ ಎಂದು ಸಾರಿದ. ತೀರ್ಪು ಕೇಳಲು ಕೇರಿಯವರು ಯಾರೂ ಅಲ್ಲಿರಲಿಲ್ಲ. ಬದುಕುಳಿದ ಕೆಲವರು ಡೇರೆಗಳಲ್ಲಿ ತಮ್ಮವರನ್ನು ಹುಡುಕುತ್ತಿದ್ದರು. ಅದು ಹೊಳೆದಾಗ ಅವನು ಜೋಳದ ಸಾಲಿನಲ್ಲಿ ಕುಕ್ಕರಿಸಿದ.

ತಮ್ರಿನ್‌ನ ಹೆಂಡತಿ ಒಂದು ಎಳನೀರು ಕೆತ್ತಿ ಅವನ ಕೈಗಿಟ್ಟಳು. ಮರುದಿನ ಅವನೂ ಗುದ್ದಲಿ ಹಿಡಿದು ಹುಡುಕುವವರ ಜೊತೆ ಕೆಸರಿಗಿಳಿದ. ಯಾರೂ ಅವನನ್ನು ಮುಖ್ಯಸ್ಥರೇ ಎನ್ನಲಿಲ್ಲ, ಅವನೂ ಕೇಳಲಿಲ್ಲ.